ನಾಲ್ಕು ಫೈರ್‌ಬೋಲ್ಟ್‌ಗೆ ಮ್ಯಾಜಿಕಾ ಖಾಲಿ: ಸೀಸೆ ಎಲ್ಲಿ ಸಿಗುತ್ತದೆ, ಯಾವಾಗ ಕುಡಿಯಬೇಕು

ಪ್ರಶ್ನೆ: ಸ್ಕೈರಿಮ್ ಎಂಬ ವಿಡಿಯೋ ಗೇಮ್‌ನಲ್ಲಿ ಮಾಂತ್ರಿಕನಾಗಿ ಆಡುತ್ತಿದ್ದೇನೆ. ಲೆವೆಲ್ 14, ಮ್ಯಾಜಿಕಾ (ಮಂತ್ರಗಳಿಗೆ ಖರ್ಚಾಗುವ ಮಾಯಾಶಕ್ತಿ) 150. ನಾಲ್ಕು ಫೈರ್‌ಬೋಲ್ಟ್ (ಬೆಂಕಿಯ ಮಂತ್ರ) ಬಿಡುವಷ್ಟರಲ್ಲಿ ಎಲ್ಲ ಖಾಲಿ, ಆಮೇಲೆ ಕಂಬದ ಸುತ್ತ ಓಡುವುದೇ ಕೆಲಸ. ಕೈಯಲ್ಲಿದ್ದ ಚಿನ್ನವೆಲ್ಲ ಮ್ಯಾಜಿಕಾ ಪೋಷನ್‌ಗೆ (ಮ್ಯಾಜಿಕಾ ತುಂಬುವ ಮದ್ದಿನ ಸೀಸೆಗೆ) ಹೋಗುತ್ತಿದೆ. 25 ಮ್ಯಾಜಿಕಾ ಕೊಡುವ ಸಣ್ಣ ಸೀಸೆ ಹನ್ನೊಂದನ್ನು ದೊಡ್ಡ ಕಾಳಗಕ್ಕೆಂದು ಎತ್ತಿಟ್ಟಿದ್ದೇನೆ. ಖರ್ಚಿಲ್ಲದೆ ಪೋಷನ್ ಎಲ್ಲಿ ಸಿಗುತ್ತದೆ? ಯಾವಾಗ ಕುಡಿಯಬೇಕು? ಬೇರೆ ಆಟಗಳಲ್ಲೂ ನನ್ನ ಪಾಡು ಇದೇ.

ಉತ್ತರ: ಮೊದಲು ಆ ಕಂಬದ ಸುತ್ತ ಓಡುವುದರ ಲೆಕ್ಕ ನೋಡೋಣ. ಪೋಷನ್ ವಿಚಾರ ಅಲ್ಲಿಂದಲೇ ಅರ್ಥವಾಗುತ್ತದೆ.

ಸ್ಕೈರಿಮ್‌ನಲ್ಲಿ ಮ್ಯಾಜಿಕಾ ತಾನಾಗಿಯೇ ತುಂಬಿಕೊಳ್ಳುತ್ತದೆ. ಕಾಳಗ ಇಲ್ಲದಾಗ ಸೆಕೆಂಡಿಗೆ ನಿಮ್ಮ ಒಟ್ಟು ಮ್ಯಾಜಿಕಾದ ನೂರಕ್ಕೆ 3ರಷ್ಟು. ಕಾಳಗ ಶುರುವಾಯಿತೆಂದರೆ ಅದರ ಮೂರನೇ ಒಂದು ಭಾಗ, ಅಂದರೆ ನೂರಕ್ಕೆ 1. ನಿಮ್ಮ 150ಕ್ಕೆ ಲೆಕ್ಕ ಹಾಕಿದರೆ ಕಾಳಗದಲ್ಲಿ ಸೆಕೆಂಡಿಗೆ ಒಂದೂವರೆ. ಫೈರ್‌ಬೋಲ್ಟ್‌ನ ಮೂಲ ಬೆಲೆ 41 ಮ್ಯಾಜಿಕಾ. ಡಿಸ್ಟ್ರಕ್ಷನ್ ಕೌಶಲ, ಅಂದರೆ ದಾಳಿಯ ಮಂತ್ರಗಳ ವಿದ್ಯೆ, ಏರಿದಂತೆ ಅದು ಸ್ವಲ್ಪ ಇಳಿಯುತ್ತದೆ. ನಿಮ್ಮ ಕೌಶಲ 35ರ ಆಸುಪಾಸಿನಲ್ಲಿ ಇದೆಯೆಂದುಕೊಂಡರೆ ಸುಮಾರು 33. ನಾಲ್ಕಕ್ಕೆ 132 ಹೋಯಿತು, ಉಳಿದ 18ರಲ್ಲಿ ಐದನೆಯದು ಹೊರಡುವುದಿಲ್ಲ. ಅಲ್ಲಿಂದ ಮುಂದೆ ಬರೀ ಕಾದು ತುಂಬಿಸಿಕೊಳ್ಳುವುದಾದರೆ ಒಂದೊಂದು ಫೈರ್‌ಬೋಲ್ಟ್‌ಗೂ 22 ಸೆಕೆಂಡು ಓಡಬೇಕು. ಒಂದು ಸಣ್ಣ ಸೀಸೆ ಕೊಡುವುದು 25, ಒಂದು ಫೈರ್‌ಬೋಲ್ಟ್‌ಗೂ ಸಾಲದು. ನೀವು ಸುರಿಯುತ್ತಿರುವ ಚಿನ್ನವೆಲ್ಲ ತೂತು ಮಡಕೆಗೆ ಹೊಯ್ದ ನೀರಾಗಿದೆ. ಹೆಚ್ಚು ಸೀಸೆ ಹುಡುಕುವ ಮೊದಲು ತೂತು ಮುಚ್ಚಿ.

ಡಿಸ್ಟ್ರಕ್ಷನ್ ಕೌಶಲ 25 ಆದ ಕೂಡಲೇ ‘ಅಪ್ರೆಂಟಿಸ್ ಡಿಸ್ಟ್ರಕ್ಷನ್’ ಎಂಬ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ತೆಗೆದುಕೊಳ್ಳಬಹುದು. ಅಪ್ರೆಂಟಿಸ್ ದರ್ಜೆಯ ಮಂತ್ರಗಳ ಬೆಲೆಯನ್ನು ಅದು ಅರ್ಧಕ್ಕೆ ಇಳಿಸುತ್ತದೆ. ಫೈರ್‌ಬೋಲ್ಟ್ ಆ ದರ್ಜೆಯದೇ. ನೀವು ನಾಲ್ಕಕ್ಕೇ ಕೈಚೆಲ್ಲುತ್ತಿದ್ದೀರಿ ಎಂದರೆ ಈ ಪರ್ಕ್ ತೆಗೆದುಕೊಂಡಿಲ್ಲ ಎಂದೇ ನನ್ನ ಅಂದಾಜು. ತೆಗೆದುಕೊಂಡರೆ 33 ಇದ್ದದ್ದು 16ಕ್ಕೆ ಬರುತ್ತದೆ, ನಾಲ್ಕು ಇದ್ದದ್ದು ಒಂಬತ್ತಾಗುತ್ತದೆ. ಒಂದೇ ಒಂದು ಪರ್ಕ್. ಅದರ ಮೇಲೆ ಡಿಸ್ಟ್ರಕ್ಷನ್‌ನ ನೋವಿಸ್ (ಆರಂಭದ ದರ್ಜೆಯ) ನಿಲುವಂಗಿ ತೊಟ್ಟರೆ ಬೆಲೆ ಇನ್ನೂ ನೂರಕ್ಕೆ 12 ಇಳಿಯುತ್ತದೆ, ತುಂಬಿಕೊಳ್ಳುವ ವೇಗ ಒಂದೂವರೆ ಪಟ್ಟಾಗುತ್ತದೆ. ಈಗ ಮತ್ತೆ ಕಂಬದ ಸುತ್ತ ಓಡಿ ನೋಡಿ: 22 ಸೆಕೆಂಡು ಕಾಯಬೇಕಿದ್ದ ಕಡೆ ಆರೇಳು ಸೆಕೆಂಡು ಸಾಕು. ಇನ್ನೂ ಮೇಲಿನ ದರ್ಜೆಯ ಅಡೆಪ್ಟ್ ನಿಲುವಂಗಿ ಸಿಕ್ಕರೆ ವೇಗ ಎರಡು ಪಟ್ಟು. ಇಂಥ ನಿಲುವಂಗಿಗಳನ್ನು ವೈಟ್‌ರನ್ ಕೋಟೆಯ ಮಾಂತ್ರಿಕ ಫರೆಂಗಾರ್ ಮಾರುತ್ತಾನೆ, ವಿಂಟರ್‌ಹೋಲ್ಡ್ ಕಾಲೇಜಿನಲ್ಲೂ ಸಿಗುತ್ತವೆ. ನಾಲ್ಕಾರು ಸೀಸೆಗೆ ಕೊಡುವ ಚಿನ್ನವನ್ನು ಕೂಡಿಟ್ಟು ಇದಕ್ಕೆ ಹಾಕಿ.

ಎರಡೂ ಕೈಯಲ್ಲಿ ಒಂದೇ ಮಂತ್ರ ಹಿಡಿದು ಜೋಡಿಸಿ ಬಿಡುವ ಅಭ್ಯಾಸ ಇದ್ದರೆ ಅದರ ಬೆಲೆಯೂ ತಿಳಿದಿರಲಿ. ಖರ್ಚು 2.8 ಪಟ್ಟು, ಏಟು 2.2 ಪಟ್ಟು. ನೋಡಲು ಭರ್ಜರಿ, ಲೆಕ್ಕದಲ್ಲಿ ನಷ್ಟ. ‘ಇಂಪ್ಯಾಕ್ಟ್’ ಪರ್ಕ್ ಬಂದ ಮೇಲೆ ಮಾತ್ರ ಅದಕ್ಕೆ ಅರ್ಥ, ಏಕೆಂದರೆ ಆಗ ಎದುರಾಳಿ ತತ್ತರಿಸಿ ನಿಲ್ಲುತ್ತಾನೆ.

ಇನ್ನು ಸೀಸೆಗಳ ವಿಚಾರ. ಅವುಗಳ ಮೇಲಿನ ಹೆಸರು ಸರಿಯಾಗಿ ಓದದೆ ಕೊಂಡು ಕೆಟ್ಟವರು ಬಹಳ ಜನ. ‘ರಿಸ್ಟೋರ್’ ಎಂದರೆ ಕುಡಿದ ಕ್ಷಣಕ್ಕೇ ಅಷ್ಟು ಮ್ಯಾಜಿಕಾ ವಾಪಸ್ಸು. ಚಿಕ್ಕದರಿಂದ ದೊಡ್ಡದಕ್ಕೆ 25, 50, 75, 100, 150, ಕೊನೆಯದು ಪೂರ್ತಿ ತುಂಬಿಸುತ್ತದೆ. ‘ಫೋರ್ಟಿಫೈ’ ಎಂದರೆ ಪಾತ್ರೆಯೇ ಒಂದು ನಿಮಿಷದ ಮಟ್ಟಿಗೆ ದೊಡ್ಡದಾಗುತ್ತದೆ. ‘ರೀಜನರೇಟ್’ ಎಂದರೆ ತುಂಬಿಕೊಳ್ಳುವ ವೇಗ ಐದು ನಿಮಿಷ ಹೆಚ್ಚುತ್ತದೆ. ಹೊಸಬರು ಮೋಸಹೋಗುವುದು ಈ ಮೂರನೆಯದರಲ್ಲಿ. ನೂರಕ್ಕೆ 50 ವೇಗ ಎಂದು ಬರೆದಿರುತ್ತದೆ, ದೊಡ್ಡದಾಗಿ ಕಾಣುತ್ತದೆ. ಆದರೆ ಕಾಳಗದಲ್ಲಿ ನಿಮ್ಮ ವೇಗ ಸೆಕೆಂಡಿಗೆ ಒಂದೂವರೆ, ಅದರ ಅರ್ಧ ಎಂದರೆ ಮುಕ್ಕಾಲು. ಅರ್ಧ ನಿಮಿಷದ ಹೊಡೆದಾಟದಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು ಮ್ಯಾಜಿಕಾ ಹೆಚ್ಚಿಗೆ ಸಿಕ್ಕಂತಾಯಿತು, ಒಂದು ಸಣ್ಣ ಸೀಸೆಗೂ ಕಡಿಮೆ. ಉದ್ದನೆಯ ಗುಹೆಗೆ ಕಾಲಿಡುವ ಮುಂಚೆ ಕುಡಿದರೆ ಕೆಲಸಕ್ಕೆ ಬರುತ್ತದೆ. ಜೀವ ಹೋಗುವ ಹೊತ್ತಿನಲ್ಲಿ ಕುಡಿದರೆ ಬರುವುದಿಲ್ಲ.

ಖರ್ಚಿಲ್ಲದೆ ಎಲ್ಲಿ ಸಿಗುತ್ತದೆ ಎಂದಿರಿ. ಸತ್ತ ಮಾಂತ್ರಿಕರ ಮೈಮೇಲೆ, ಪೆಟ್ಟಿಗೆಗಳಲ್ಲಿ, ಗುಹೆಯೊಳಗೆ ರಸವಿದ್ಯೆಯ ಮೇಜು ಇದ್ದರೆ ಅದರ ಅಕ್ಕಪಕ್ಕದ ಕಪಾಟುಗಳಲ್ಲಿ. ಇದು ನಿಮಗೂ ಗೊತ್ತು. ಅಂಗಡಿಗಳ ಸರಕು ಆಟದೊಳಗಿನ 48 ಗಂಟೆಗೊಮ್ಮೆ ಹೊಸದಾಗುತ್ತದೆ ಎನ್ನುವುದೂ ಗೊತ್ತಿರಬಹುದು. ಆದರೆ ನಿಜವಾದ ಖಜಾನೆ ನೀವು ದಿನಾ ತುಳಿದುಕೊಂಡು ಹೋಗುವ ಹುಲ್ಲಿನಲ್ಲಿದೆ.

ದಾರಿಬದಿಯಲ್ಲಿ ನೀಲಿ, ನೇರಳೆ, ಕೆಂಪು ಬೆಟ್ಟದ ಹೂಗಳು ಕಾಣುತ್ತವಲ್ಲ, ಆ ಮೂರೂ ನೋಡಲು ಅಕ್ಕತಂಗಿಯರ ಹಾಗೆ. ನೀಲಿ ಹೂ ಹೆಲ್ತ್ (ಜೀವಬಲ) ಕೊಡುತ್ತದೆ, ನೇರಳೆ ಸ್ಟ್ಯಾಮಿನಾ (ದೇಹದ ಕಸುವು) ಕೊಡುತ್ತದೆ, ಕೆಂಪು ಹೂ ಮ್ಯಾಜಿಕಾ. ಪರದೆಯ ಮೇಲೆ ಮಾತ್ರ ಹೆಲ್ತ್ ಪಟ್ಟಿ ಕೆಂಪು, ಮ್ಯಾಜಿಕಾ ಪಟ್ಟಿ ನೀಲಿ! ಆಟ ಮಾಡಿದವರಿಗೆ ಏನು ಹೊಳೆಯಿತೋ. ಬಣ್ಣ ನೋಡಿ ನೀಲಿ ಹೂವನ್ನೇ ಬುಟ್ಟಿಗಟ್ಟಲೆ ಕಿತ್ತು ತಂದು, ಮೇಜಿನ ಮುಂದೆ ಪೆಚ್ಚಾಗಿ ನಿಂತವರಲ್ಲಿ ನಾನೂ ಒಬ್ಬ.

ರಸವಿದ್ಯೆಯ ಮೇಜಿನಲ್ಲಿ ನಿಯಮ ಸರಳ: ಎರಡು ಪದಾರ್ಥಗಳಲ್ಲಿ ಒಂದೇ ಗುಣ ಇದ್ದರೆ ಆ ಗುಣದ ಮದ್ದು ತಯಾರು. ಕೆಂಪು ಹೂವಿಗೆ ಜೋಡಿಯಾಗಿ ಮೋರಾ ಟ್ಯಾಪಿನೆಲ್ಲಾ ಎಂಬ ಅಣಬೆ ಹುಡುಕಿ. ಕಾಡಿನಲ್ಲಿ ಬಿದ್ದ ಮರದ ದಿಮ್ಮಿ, ಮೋಟು ಬುಡಗಳ ಮೇಲೆ ಬೆಳೆದಿರುತ್ತದೆ. ಇಲ್ಲವೇ ಕ್ರೀಪ್ ಕ್ಲಸ್ಟರ್ ಎಂಬ ಬಳ್ಳಿ, ವಿಂಡ್‌ಹೆಲ್ಮ್‌ನ ದಕ್ಷಿಣಕ್ಕೆ ಬಿಸಿನೀರಿನ ಬುಗ್ಗೆಗಳ ಬಯಲಿನಲ್ಲಿ ನೆಲಕ್ಕಂಟಿಕೊಂಡು ಹರಡಿರುತ್ತದೆ. ಕೆಂಪು ಹೂವಿನ ಜೊತೆ ಇವೆರಡರಲ್ಲಿ ಯಾವುದನ್ನು ಸೇರಿಸಿದರೂ ಶುದ್ಧ ಮ್ಯಾಜಿಕಾ ಮದ್ದು ಬರುತ್ತದೆ, ಬೇರೆ ಕಲಬೆರಕೆ ಇಲ್ಲ.

ಕಲಬೆರಕೆ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಹೆಗಳಲ್ಲಿ ಸಿಗುವ ವೈಟ್ ಕ್ಯಾಪ್ ಅಣಬೆಯಲ್ಲೂ ಮ್ಯಾಜಿಕಾ ಕೊಡುವ ಗುಣವಿದೆ. ಆದರೆ ಮ್ಯಾಜಿಕಾ ಹೀರುವ ‘ರಾವೇಜ್’ ಗುಣವೂ ಇದೆ, ಕೆಂಪು ಹೂವಿನಲ್ಲೂ ಅದೇ ಇದೆ. ಎರಡನ್ನೂ ಸೇರಿಸಿದಿರೋ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಮದ್ದು ತಯಾರಾಗುತ್ತದೆ. ಗ್ರಾಸ್ ಪಾಡ್ ಕೂಡ ಹೂವಿನ ಜೊತೆ ಹಾಗೆಯೇ. ವೈಟ್ ಕ್ಯಾಪ್ ಹೆಚ್ಚು ಸಿಕ್ಕಿದ್ದರೆ ಅದನ್ನು ಮೋರಾ ಅಣಬೆಯ ಜೊತೆ ಬಳಸಿ, ತೊಂದರೆಯಿಲ್ಲ. ತಯಾರಿಸುವ ಗುಂಡಿ ಒತ್ತುವ ಮುಂಚೆ ಬರುವ ಮದ್ದಿನ ವಿವರವನ್ನು ಪೂರ್ತಿ ಓದಿ.

ಇನ್ನೂ ಒಳ್ಳೆಯ ಜೋಡಿ ಬೇಕೆಂದರೆ ಫೈರ್ ಸಾಲ್ಟ್ಸ್ ಮತ್ತು ಮೂನ್ ಶುಗರ್. ಎರಡರಲ್ಲೂ ರಿಸ್ಟೋರ್ ಮತ್ತು ರೀಜನರೇಟ್ ಎರಡೂ ಗುಣಗಳಿರುವುದರಿಂದ ಒಂದೇ ಸೀಸೆಯಲ್ಲಿ ಎರಡು ಕೆಲಸ. ಫೈರ್ ಸಾಲ್ಟ್ಸ್ ಅಟ್ರೊನಾಕ್ ಎಂಬ ಬೆಂಕಿಯ ಜೀವಿಗಳನ್ನು ಕೊಂದರೆ ಸಿಗುತ್ತದೆ. ಮೂನ್ ಶುಗರ್ ಅನ್ನು ಊರ ಹೊರಗೆ ಡೇರೆ ಹಾಕುವ ಖಜೀತ್ ವ್ಯಾಪಾರಿಗಳ ಹತ್ತಿರ ವಿಚಾರಿಸಿ. ಆದರೆ ಉಪ್ಪನ್ನೆಲ್ಲ ಕಲಸಿ ಮುಗಿಸಬೇಡಿ. ರಿಫ್ಟನ್‌ನ ಕಮ್ಮಾರ ಬಾಲಿಮಂಡ್ ತನ್ನ ಕುಲುಮೆಗೆ ಹತ್ತು ಫೈರ್ ಸಾಲ್ಟ್ಸ್ ಕೇಳುತ್ತಾನೆ, ಆಗ ಕೈ ಖಾಲಿಯಿದ್ದರೆ ಮತ್ತೆ ಅಲೆದಾಟ.

ಶುರುವಿನಲ್ಲಿ ನಿಮ್ಮ ಮದ್ದು ಸಪ್ಪೆಯಾಗಿರುತ್ತದೆ, ಇಪ್ಪತ್ತರ ಆಸುಪಾಸು ಮಾತ್ರ. ಆಲ್ಕೆಮಿಯ (ರಸವಿದ್ಯೆಯ) ಮೊದಲ ಪರ್ಕ್ ಒಂದನ್ನು ಹಾಕಿದರೆ ಅಂಗಡಿಯ ಸಣ್ಣ ಸೀಸೆಗೆ ಸಮ ಬರುತ್ತದೆ, ಆಮೇಲೆ ಮಾಡಿದಷ್ಟೂ ಕೌಶಲ ಏರುತ್ತಾ ಹೋಗುತ್ತದೆ. ಮುಂದೆ ‘ಫಿಸಿಷಿಯನ್’ ಪರ್ಕ್ ಸಿಕ್ಕಾಗ ಇಂಥ ಮದ್ದುಗಳ ಬಲ ಇನ್ನೂ ಕಾಲು ಭಾಗ ಹೆಚ್ಚು. ಕಿತ್ತ ಗಿಡಗಳು ಕೆಲವು ದಿನಗಳಲ್ಲಿ ಮತ್ತೆ ಚಿಗುರುತ್ತವೆ. 2012ರ ಹಾರ್ತ್‌ಫೈರ್ ವಿಸ್ತರಣೆ ನಿಮ್ಮಲ್ಲಿದ್ದರೆ ಮನೆಯ ಹಿತ್ತಲಿನಲ್ಲಿಯೇ ಕೆಂಪು ಹೂವನ್ನೂ ಕ್ರೀಪ್ ಕ್ಲಸ್ಟರನ್ನೂ ನೆಟ್ಟು ಬೆಳೆಸಬಹುದು. ಅಲ್ಲಿಗೆ ಅಂಗಡಿಯ ಋಣ ಹರಿಯಿತು.

ಬಿಸಿನೀರಿನ ಬಯಲಿಗೆ ಹೋದಾಗ ಅಲ್ಲೇ ಇರುವ ಅಟ್ರೊನಾಕ್ ಶಿಲೆಯ ಮುಂದೆ ಒಂದು ನಿಮಿಷ ನಿಲ್ಲಿ. ಅದು ಮ್ಯಾಜಿಕಾ 50 ಹೆಚ್ಚಿಸುತ್ತದೆ, ನಿಮ್ಮ ಮೇಲೆ ಬರುವ ಮಂತ್ರಗಳಲ್ಲಿ ಅರ್ಧದಷ್ಟನ್ನು ನುಂಗಿ ಮ್ಯಾಜಿಕಾ ಮಾಡಿಕೊಡುತ್ತದೆ, ಬದಲಿಗೆ ತುಂಬಿಕೊಳ್ಳುವ ವೇಗವನ್ನು ಅರ್ಧ ಕಡಿಯುತ್ತದೆ. ಮಾರ್ಥಲ್‌ನ ಜೌಗಿನಲ್ಲಿರುವ ಅಪ್ರೆಂಟಿಸ್ ಶಿಲೆ ಇದಕ್ಕೆ ತದ್ವಿರುದ್ಧ: ವೇಗ ಎರಡು ಪಟ್ಟು, ಆದರೆ ಮಂತ್ರದ ಏಟೂ ಎರಡು ಪಟ್ಟು ತಾಗುತ್ತದೆ. ಸೀಸೆ ಸ್ವತಃ ಮಾಡಿಕೊಳ್ಳುವವರಿಗೆ ಅಟ್ರೊನಾಕ್ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ನಿಧಾನವಾಗಿ ತುಂಬುವ ನಷ್ಟವನ್ನು ಸೀಸೆ ಮುಚ್ಚುತ್ತದೆ, ಎದುರಾಳಿ ಮಾಂತ್ರಿಕನ ಬೆಂಕಿಯನ್ನು ಸೀಸೆ ನುಂಗುವುದಿಲ್ಲ.

ಲ್ಯಾಬಿರಿಂಥಿಯನ್ ಎಂಬ ಪಾಳು ನಗರದಲ್ಲಿ ಸಿಗುವ ‘ಈಕ್ವಿಲಿಬ್ರಿಯಮ್’ ಮಂತ್ರ ಸೆಕೆಂಡಿಗೆ 25 ಹೆಲ್ತ್ ತೆಗೆದು ಮ್ಯಾಜಿಕಾ ಮಾಡಿಕೊಡುತ್ತದೆ. ಪಟ್ಟಿ ನೋಡದೆ ಹಿಡಿದುಕೊಂಡೇ ಇದ್ದರೆ ನಿಮ್ಮನ್ನೇ ಕೊಲ್ಲುತ್ತದೆ. ಹೆಲ್ತ್ ಪೋಷನ್ ರಾಶಿ ಬಿದ್ದಿದ್ದು ಮ್ಯಾಜಿಕಾದ್ದು ಮುಗಿದಿರುವಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವಾಗ ಕುಡಿಯಬೇಕು ಎನ್ನುವುದಕ್ಕೆ ಬರೋಣ. ಹೊಡೆದಾಟ ಮುಗಿದ ಮೇಲೆ ಎಂದೂ ಕುಡಿಯಬೇಡಿ. ಸುತ್ತ ಶತ್ರುಗಳಿಲ್ಲದಿದ್ದರೆ ಕಾಯುವ ಗುಂಡಿ ಒತ್ತಿ ಆಟದೊಳಗೆ ಒಂದು ಗಂಟೆ ಕಳೆಯಿರಿ, ಎಲ್ಲವೂ ಪುಕ್ಕಟೆ ತುಂಬಿರುತ್ತದೆ. ಅದಕ್ಕೂ ತಾಳ್ಮೆ ಇಲ್ಲವೆಂದರೆ ಅರ್ಧ ನಿಮಿಷ ಸುಮ್ಮನೆ ನಿಂತರೂ ಸಾಕು. ಸೀಸೆ ಕೊಡುವುದು ಮ್ಯಾಜಿಕಾ ಎನ್ನುವುದು ಮೇಲ್ನೋಟಕ್ಕೆ. ಅದು ನಿಜವಾಗಿ ಕೊಡುವುದು ಸಮಯ. ಎದುರಾಳಿ ಮೂರು ಹೆಜ್ಜೆ ದೂರದಲ್ಲಿದ್ದಾನೆ, ಇನ್ನೊಂದು ಫೈರ್‌ಬೋಲ್ಟ್ ಬಿದ್ದರೆ ಸಾಯುತ್ತಾನೆ, ಮ್ಯಾಜಿಕಾ ಇಲ್ಲ: ಸೀಸೆ ಇರುವುದು ಆ ಗಳಿಗೆಗೆ. ಸ್ಕೈರಿಮ್‌ನಲ್ಲಿ ಮೆನು ತೆರೆದರೆ ಕಾಲವೇ ನಿಲ್ಲುತ್ತದೆ, ಒಂದರ ಹಿಂದೊಂದು ಎಷ್ಟು ಬೇಕಾದರೂ ಕುಡಿಯಬಹುದು. ಸೀಸೆಗಳನ್ನು ಫೇವರಿಟ್ಸ್ ಪಟ್ಟಿಗೆ ಹಾಕಿಡಿ, ಇಲ್ಲದಿದ್ದರೆ ಉದ್ದನೆಯ ಇನ್ವೆಂಟರಿಯಲ್ಲಿ ಹುಡುಕುವ ಬೇಸರಕ್ಕೇ ಕುಡಿಯದೆ ಬಿಡುತ್ತೀರಿ. ನಾನು ಆ ಕಾರಣಕ್ಕೇ ಎಷ್ಟೋ ಸಲ ಸತ್ತಿದ್ದೇನೆ.

ಬೇರೆ ಆಟಗಳಲ್ಲೂ ಇದೇ ಪಾಡು ಎಂದಿರಿ. ಅಲ್ಲಿ ಒಂದು ಮಾತು ಮೊದಲೇ ಕೇಳಿಕೊಳ್ಳಬೇಕು: ಈ ಆಟದಲ್ಲಿ ಮಾಯಾಶಕ್ತಿ ತಾನಾಗಿ ತುಂಬುತ್ತದೆಯೇ, ಇಲ್ಲವೇ? ಇದೇ ಸರಣಿಯ ಮೊರೊವಿಂಡ್‌ನಲ್ಲಿ (2002) ತುಂಬುವುದಿಲ್ಲ, ಮಲಗಿ ಏಳಬೇಕು. ನಾನು ಮೊದಲ ಸಲ ಆಡಿದಾಗ ಅಟ್ರೊನಾಕ್ ಜನ್ಮರಾಶಿಯನ್ನು ಆರಿಸಿಕೊಂಡೆ, ದೊಡ್ಡ ಮ್ಯಾಜಿಕಾ ಸಿಗುತ್ತದೆಂಬ ಆಸೆಗೆ. ಆ ರಾಶಿಯವರಿಗೆ ಮಲಗಿದರೂ ತುಂಬುವುದಿಲ್ಲ ಎಂಬ ಸಾಲನ್ನು ಓದಿರಲಿಲ್ಲ. ಒಂದು ಇಡೀ ಸಂಜೆ ಮಲಗಿ, ಎದ್ದು, ಮತ್ತೆ ಮಲಗಿ, ಆಟವೇ ಕೆಟ್ಟಿದೆ ಎಂದುಕೊಂಡಿದ್ದೆ. ಅಲ್ಲಿ ಸೀಸೆ ಐಷಾರಾಮವಲ್ಲ, ಅನ್ನ.

ಡಯಾಬ್ಲೋ 2ರಲ್ಲಿ (2000) ಮಾನಾ (ಅಲ್ಲಿ ಮಾಯಾಶಕ್ತಿಯ ಹೆಸರು) ಪೋಷನ್ ಯಾವ ಅಂಗಡಿಯವರೂ ಮಾರುವುದಿಲ್ಲ, ನೆಲಕ್ಕೆ ಬಿದ್ದದ್ದನ್ನೇ ಆರಿಸಬೇಕು. ಅದೂ ಕುಡಿದ ತಕ್ಷಣ ತುಂಬುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಹಾಗಾಗಿ ಖಾಲಿಯಾಗುವವರೆಗೆ ಕಾಯದೆ ಅರ್ಧ ಇರುವಾಗಲೇ ಕುಡಿಯುವುದು ಅಲ್ಲಿಯ ರೂಢಿ. ಹೊರಾಡ್ರಿಕ್ ಕ್ಯೂಬ್ ಎಂಬ ಮಾಯಾಪೆಟ್ಟಿಗೆ ಸಿಕ್ಕ ಮೇಲೆ ಮೂರು ಹೆಲ್ತ್, ಮೂರು ಮಾನಾ ಪೋಷನ್, ಒಂದು ಚಿಪ್ಡ್ (ಮುಕ್ಕಾದ) ರತ್ನ ಹಾಕಿದರೆ ಒಂದು ರೀಜುವಿನೇಷನ್ ಪೋಷನ್ ಬರುತ್ತದೆ. ಅದು ಮಾತ್ರ ಕ್ಷಣದಲ್ಲಿ ಕೆಲಸ ಮಾಡುತ್ತದೆ. ಬೆಲ್ಟಿನ ಒಂದು ಸಾಲನ್ನು ಅದಕ್ಕೇ ಮೀಸಲಿಡಿ.

ಎಲ್ಡನ್ ರಿಂಗ್‌ನಲ್ಲಿ (2022) ಎಫ್‌ಪಿ (ಅಲ್ಲಿಯ ಮಾಯಾಶಕ್ತಿ) ತಾನಾಗಿ ಏರುವುದಿಲ್ಲ, ಆದರೆ ಕೂಡಿಡುವ ಚಿಂತೆಯನ್ನು ಆಟವೇ ಹೆಚ್ಚುಕಡಿಮೆ ಕಿತ್ತುಹಾಕಿದೆ. ಎಫ್‌ಪಿ ಕೊಡುವ ಸೆರುಲಿಯನ್ ಫ್ಲಾಸ್ಕ್, ಗ್ರೇಸ್ ಎಂಬ ವಿಶ್ರಾಂತಿ ತಾಣದಲ್ಲಿ ಕೂತಾಗಲೆಲ್ಲ ಮತ್ತೆ ತುಂಬುತ್ತದೆ. ಒಟ್ಟು ಗುಟುಕು ಹೆಚ್ಚೆಂದರೆ 14. ಅದರಲ್ಲಿ ಕೆಂಪು (ಹೆಲ್ತ್) ಎಷ್ಟು, ನೀಲಿ (ಎಫ್‌ಪಿ) ಎಷ್ಟು ಎಂದು ಹಂಚಿಕೊಳ್ಳುವುದು ನಿಮ್ಮ ಕೈಯಲ್ಲಿ. ಗುಟುಕು ಹೆಚ್ಚಿಸಲು ಗೋಲ್ಡನ್ ಸೀಡ್, ಒಂದೊಂದು ಗುಟುಕಿನ ಬಲ ಹೆಚ್ಚಿಸಲು ಸೇಕ್ರೆಡ್ ಟಿಯರ್. ಟಿಯರ್‌ಗಳು ಚರ್ಚ್‌ಗಳಲ್ಲಿ ಸಿಗುತ್ತವೆ, ಆದ್ದರಿಂದ ಮಾಂತ್ರಿಕರಾದವರು ನಕ್ಷೆಯಲ್ಲಿ ಚರ್ಚ್ ಕಂಡರೆ ದಾರಿ ತಪ್ಪಿಸಿಯಾದರೂ ಹೋಗಬೇಕು. ಹೊಸಬರು ಎಲ್ಲವನ್ನೂ ಕೆಂಪಿಗೇ ಹಾಕಿ, ಬಾಸ್ (ದೊಡ್ಡ ಶತ್ರು) ಮುಂದೆ ಮಂತ್ರವಿಲ್ಲದೆ ನಿಲ್ಲುತ್ತಾರೆ. ಕಾಲಭಾಗವಾದರೂ ನೀಲಿಗಿರಲಿ.

ಬಾಲ್ಡರ್ಸ್ ಗೇಟ್ 3ರಲ್ಲಿ (2023) ಲೆಕ್ಕವೇ ಬೇರೆ. ಅಲ್ಲಿ ಮಾನಾ ಇಲ್ಲ, ಸ್ಪೆಲ್ ಸ್ಲಾಟ್‌ಗಳು, ಅಂದರೆ ಇಷ್ಟು ಸಲ ಮಂತ್ರ ಬಿಡಬಹುದೆಂಬ ಎಣಿಕೆ. ಅವನ್ನು ತುಂಬುವ ವಸ್ತು ಎಂದರೆ ಊಟ. ಸಾಮಾನ್ಯ ಕಷ್ಟದ ಮಟ್ಟದಲ್ಲಿ ದೀರ್ಘ ವಿಶ್ರಾಂತಿಗೆ 40 ಕ್ಯಾಂಪ್ ಸಪ್ಲೈ (ಊಟದ ಸಾಮಾನು) ಬೇಕು. ಸಿಕ್ಕ ಸಿಕ್ಕ ಬ್ಯಾರಲ್‌ಗಳಿಂದ ಬ್ರೆಡ್ಡು, ಚೀಸು ಎತ್ತುವವನಿಗೆ ಎಂದೂ ಕೊರತೆಯಾಗುವುದಿಲ್ಲ. ಅಲ್ಲಿ ಜಿಪುಣತನ ಮಾಡುವುದು ಶುದ್ಧ ದಡ್ಡತನ, ಏಕೆಂದರೆ ಕಥೆಯ ಎಷ್ಟೋ ದೃಶ್ಯಗಳು ಕ್ಯಾಂಪಿನಲ್ಲಿ ರಾತ್ರಿ ಮಲಗಿದರೆ ಮಾತ್ರ ತೆರೆದುಕೊಳ್ಳುತ್ತವೆ.

ಫೈನಲ್ ಫ್ಯಾಂಟಸಿ 7ರಲ್ಲಿ (1997) ಈಥರ್ ಸೀಸೆ 100 ಎಂಪಿ (ಅಲ್ಲಿಯ ಮಾಯಾಶಕ್ತಿ) ಕೊಡುತ್ತದೆ. ‘ಮ್ಯಾಜಿಕ್ ಹ್ಯಾಮರ್’ ಎಂಬ ಎನಿಮಿ ಸ್ಕಿಲ್ (ಶತ್ರುಗಳಿಂದ ಕಲಿಯುವ ವಿದ್ಯೆ) ಕಲಿತರೆ 3 ಎಂಪಿ ಖರ್ಚಿನಲ್ಲಿ ಶತ್ರುವಿನಿಂದ 100 ಎಂಪಿ ಕದಿಯಬಹುದು! ಅದನ್ನು ಕಲಿತ ಮೇಲೂ ಈಥರ್ ಕೂಡಿಡುವವರನ್ನು ನೋಡಿದ್ದೇನೆ.

ಇನ್ನು ನಿಮ್ಮ ಹನ್ನೊಂದು ಸೀಸೆ. ಸ್ಕೈರಿಮ್‌ನಲ್ಲಿ ಸಿಗುವ ಲೂಟು ನಿಮ್ಮ ಲೆವೆಲ್ ಜೊತೆ ಏರುತ್ತದೆ. ಈಗ 25ರದು ಸಿಗುತ್ತಿದೆ, ಮುಂದೆ 75, 100ರದು ಸಿಗುತ್ತದೆ. ಖರ್ಚೂ ಹಾಗೆಯೇ: ನಾಳೆ ನೀವು ಬಿಡಲಿರುವ ಇನ್ನೂ ದೊಡ್ಡ ಮಂತ್ರ ಫೈರ್‌ಬಾಲ್‌ನ ಮೂಲ ಬೆಲೆ 133. ಎತ್ತಿಟ್ಟ ಸೀಸೆಯೊಳಗಿನ 25 ಮಾತ್ರ 25 ಆಗಿಯೇ ಇರುತ್ತದೆ. ದೊಡ್ಡ ಕಾಳಗ ಬರುವ ಹೊತ್ತಿಗೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಇವತ್ತು, ಪರ್ಕ್ ತೆಗೆದುಕೊಂಡು ಫೈರ್‌ಬೋಲ್ಟ್ 16ಕ್ಕೆ ಇಳಿದ ಮೇಲೆ, ಒಂದೊಂದು ಸೀಸೆಯೂ ಒಂದೂವರೆ ಫೈರ್‌ಬೋಲ್ಟ್. ಹನ್ನೊಂದು ಸೇರಿದರೆ ಹದಿನೇಳು. ಮುಂದಿನ ಗುಹೆಯಲ್ಲೇ ಕುಡಿದು ಮುಗಿಸಿ. ಡ್ರ್ಯಾಗನ್‌ಗೆ ಬೇಕಲ್ಲ ಎಂದು ಹೆದರಬೇಡಿ. ಅದು ಮೇಲೆ ಸುತ್ತು ಹಾಕುವಷ್ಟು ಹೊತ್ತು ಬಂಡೆಯ ಮರೆಯಲ್ಲಿ ನಿಂತಿದ್ದರೆ ನಿಮ್ಮ ಪಟ್ಟಿ ತಾನಾಗಿ ಏರುತ್ತಿರುತ್ತದೆ, ನೆಲಕ್ಕಿಳಿದಾಗ ಹೊಡೆಯಿರಿ.